ಸಾಧಾರಣ ದಾರಿ, ಐದು ಗಂಟೆ

ಚೀಟಿಯಲ್ಲಿ ಹದಿನೇಳು ಸಾಮಾನುಗಳಿದ್ದವು. ನೀರಿನ ಬಾಟಲಿ ಏಳು, ಬ್ರೆಡ್ಡು, ಬೇಯಿಸಿದ ಮೊಟ್ಟೆ, ಕಿತ್ತಳೆ ಹಣ್ಣು, ಟೋಪಿ, ಗಾಯಕ್ಕೆ ಹಚ್ಚುವ ಮುಲಾಮು ಎಂದೆಲ್ಲ ಸಾಗಿ ಬಂದು ಹದಿನಾರನೆಯ ಸಾಲಿನಲ್ಲಿ ‘ಮಡಿಸುವ ಕುರ್ಚಿ, ಅತ್ತೆಗೆ’ ಎಂದು ಬರೆದಿತ್ತು. ಅಕ್ಕ ಅದನ್ನು ಒಂದು ಸಲ ಓದಿದಳು. ಕನ್ನಡಕ ಒರೆಸಿಕೊಂಡು ಇನ್ನೊಂದು ಸಲ ಓದಿದಳು. ಸಿಟ್ಟನ್ನು ಮೂಗಿನ ತುದಿಯಲ್ಲೇ ಇಟ್ಟುಕೊಂಡು ಹುಟ್ಟಿದ ಹೆಂಗಸು ಅವಳು, ಅದು ಬರಲು ಹೆಚ್ಚು ಹೊತ್ತು ಹಿಡಿಯಲಿಲ್ಲ.

“ಏನೇ ಇದು ಕುರ್ಚಿ?”

ತಮ್ಮನ ಮಗಳು ಮೇಜಿನ ಆಚೆ ಬದಿ ಕೂತು ಮೊಬೈಲಿನಲ್ಲಿ ಏನೋ ಲೆಕ್ಕ ಹಾಕುತ್ತಿದ್ದಳು. ತಲೆ ಎತ್ತದೆಯೇ ಹೇಳಿದಳು, “ಅದು ನಿಮಗೇ ಅತ್ತೆ. ಬೆಟ್ಟದ ಬುಡದಲ್ಲಿ ಗೇಟ್ ಹತ್ರ ಒಂದು ದೊಡ್ಡ ಮರ ಇದೆಯಲ್ಲ, ಅದರ ನೆರಳಲ್ಲಿ ಹಾಕ್ಕೊಂಡು ಆರಾಮಾಗಿ ಕೂತಿರಿ. ನಾವು ಮೇಲೆ ಹೋಗಿ ಬಂದುಬಿಡ್ತೀವಿ.”

“ಆ ಮರ ಎಲ್ಲಿದೆ ಅಂತ ನೀನು ನಂಗೆ ಹೇಳ್ಕೊಡ್ತೀಯಾ?”

ಕೇಳುವ ಮಾತೇ ಸರಿ. ಅಕ್ಕ ಕಾಲುದಾರಿ ಕಚೇರಿಯಲ್ಲಿ ಮೂವತ್ತೊಂದು ವರ್ಷ ದುಡಿದವಳು. ಬೆಟ್ಟದ ದಾರಿಗಳ ಉದ್ದಕ್ಕೂ ಗುಂಡಿ ತೋಡಿ ಗೂಟ ನೆಡುವುದು, ಬಂಡೆಗಳ ಮೇಲೆ ಹಳದಿ ಬಾಣ ಬರೆಯುವುದು, ಕುಸಿದ ಮೆಟ್ಟಿಲು ಕಟ್ಟಿಸುವುದು, ದಾರಿ ಎಂಥದು, ಎಷ್ಟು ಹೊತ್ತಿನದು ಎಂದು ಹಲಗೆ ಹಾಕುವುದು ಅವಳ ಕೆಲಸ. ಕಚೇರಿಯವರು ಅವಳನ್ನು ಗೂಟದಕ್ಕ ಎಂದೇ ಕರೆಯುತ್ತಿದ್ದರು. ಎಂಟು ತಿಂಗಳ ಹಿಂದೆ ನಿವೃತ್ತಿಯಾಯಿತು. ಅದೇ ತಿಂಗಳು ಬಲಗಾಲಿನ ಮಂಡಿಯನ್ನೂ ಬದಲಾಯಿಸಿದರು. ಅಂದಿನಿಂದ ಮನೆಯವರೆಲ್ಲ ಅವಳನ್ನು ಗಾಜಿನ ಲೋಟದ ಹಾಗೆ ಎತ್ತಿ ಇಡುತ್ತಿದ್ದರು. ಇಡೀ ಬೆಟ್ಟಕ್ಕೆ ಗೂಟ ಹೊಡೆದವಳಿಗೆ ಈಗ ಗೇಟಿನ ಹತ್ತಿರ ಗೂಟ ಹೊಡ್ಕೊಂಡು ಕೂರು ಎಂದರೆ ಮೈ ಉರಿಯದೆ ಇರುತ್ತದೆಯೇ?

ಹುಡುಗಿಯ ಮದುವೆ ಗೊತ್ತಾಗಿತ್ತು. ಬೀಗರಾಗುವವರಿಗೆ ಎರಡೂ ಮನೆಯವರು ಒಟ್ಟಿಗೆ ಒಂದು ದಿನ ಎಲ್ಲಾದರೂ ಹೋಗಿಬರಬೇಕೆಂದು ಆಸೆ. ಊರಿಂದ ಒಂದೂವರೆ ಗಂಟೆ ದೂರದಲ್ಲಿರುವ ಮೇಲ್ಬಯಲಿಗೆ ಹೋಗುವುದೆಂದು ತೀರ್ಮಾನವಾಗಿತ್ತು. ಬೆಟ್ಟದ ನೆತ್ತಿಯಲ್ಲಿ ಮೈಲುಗಟ್ಟಲೆ ಹುಲ್ಲು ಹಾಸಿದ ಬಯಲು, ನಡುವೆ ಎರಡು ಕೊಳ, ಅಂಚಿನಲ್ಲಿ ನಿಂತರೆ ಮೂರು ಕಣಿವೆ ಒಟ್ಟಿಗೆ ಕಾಣುತ್ತವೆ. ಭಾನುವಾರ ಬೆಳಿಗ್ಗೆ ಹೋಗಿ ಸಂಜೆ ಬರುವುದು. ಬುಧವಾರ ಸಂಜೆ ಮೂರನೆಯ ಮಹಡಿಯ ತಮ್ಮನ ಮನೆಯಲ್ಲಿ ಈ ಯೋಜನೆ ನಡೆಯುತ್ತಿತ್ತು. ಅಕ್ಕನ ಮನೆ ಅದೇ ಕಟ್ಟಡದ ನೆಲಮಹಡಿಯ ಎರಡು ಕೋಣೆ.

“ನೋಡಿ ಅತ್ತೆ,” ಎಂದು ಹುಡುಗಿ ಮೊಬೈಲು ತೋರಿಸಿದಳು. ಗೇಟಿನ ಹಲಗೆಯ ಚಿತ್ರ ಅದರಲ್ಲಿತ್ತು. ‘ಮೇಲ್ಬಯಲು. ದಾರಿ: ಸಾಧಾರಣ. ಹೋಗಿ ಬರಲು: ಐದು ಗಂಟೆ.’ “ಒಂಬತ್ತೂವರೆಗೆ ಹೊರಟ್ರೆ ಎರಡೂವರೆ. ಊಟಕ್ಕೆ ಒಂದು ಗಂಟೆ, ಮೂರೂವರೆ. ನಾಲ್ಕಕ್ಕೆ ಕೊನೇ ಬಸ್ಸು. ನೀವು ಬಂದ್ರೆ ಒಂದೆರಡು ಗಂಟೆ ಸೇರಿಸ್ಬೇಕಾಗತ್ತೆ. ಬಸ್ಸು ತಪ್ಪಿಹೋಗತ್ತೆ. ಅಷ್ಟೇ, ಬೇರೇನಿಲ್ಲ.”

ಅಷ್ಟೇಯಂತೆ! ಅಕ್ಕ ಮೇಜಿನ ಮೇಲೆ ಕೈ ಬಡಿದಳು. ಚಮಚಗಳು ಕುಣಿದವು.

“ಆ ಐದು ಗಂಟೆ ಯಾರ್ದು ಗೊತ್ತೇನೇ ನಿಂಗೆ? ನಂದು! ನನ್ನ ಕಾಲಿಂದು! ನನ್ನ ಐದು ಗಂಟೆ ತಗೊಂಡು, ಅದ್ರ ಮೇಲೆ ಎರಡು ಗಂಟೆ ಸೇರಿಸಿ, ನನ್ನನ್ನೇ ಕೆಳಗೆ ಕೂರಿಸ್ತೀಯಾ?”

ಹುಡುಗಿಗೆ ಅರ್ಥವಾಗಲಿಲ್ಲ. ಅರ್ಥವಾಗುವಂತೆ ಅಕ್ಕ ಹೇಳಿದಳು, ದನಿ ಏರಿಸಿಯೇ ಹೇಳಿದಳು. ಕಚೇರಿಯಲ್ಲಿ ಒಂದು ಪದ್ಧತಿಯಿತ್ತು. ಹೊಸ ಹಲಗೆ ಹಾಕುವ ಮುಂಚೆ ನಾಲ್ವರನ್ನು ಆ ದಾರಿಗೆ ಬಿಡುತ್ತಿದ್ದರು. ಮೊದಲು ಬಂದವನು ಎಷ್ಟು ಹೊತ್ತಿಗೆ ಬಂದ ಎಂದು ಯಾರೂ ಕೇಳುತ್ತಿರಲಿಲ್ಲ, ಅವನು ಹೋಗಿ ಚಹಾ ಕುಡಿಯಬಹುದಿತ್ತು. ಎಲ್ಲರಿಗಿಂತ ಕೊನೆಗೆ ಬಂದವರದು ಎಷ್ಟು ಹೊತ್ತಾಯಿತೋ ಅದನ್ನೇ ಹಲಗೆಗೆ ಬರೆಯುತ್ತಿದ್ದರು. ಮೇಲ್ಬಯಲಿಗೆ ಹೋದ ನಾಲ್ವರಲ್ಲಿ ಕೊನೆಯವಳು ಅಕ್ಕ. ಆಗಲೇ ಮಂಡಿ ಹಿಡಿದಿತ್ತು, ಕೈಯಲ್ಲಿ ಬಣ್ಣದ ಡಬ್ಬ ಬೇರೆ. ಉಳಿದ ಮೂವರೂ ಮೂರೂವರೆ ಗಂಟೆಗೇ ಬಂದು ಮರದ ಕೆಳಗೆ ನಿದ್ದೆ ಹೊಡೆಯುತ್ತಿದ್ದರು.

“ಅದು ಆವಾಗಿನ ಮಾತು ಅತ್ತಿಗೆ,” ಎಂದು ತಮ್ಮನ ಹೆಂಡತಿ ಅಡುಗೆಮನೆಯಿಂದ ಬಂದಳು. ಒಳ್ಳೆಯ ಹೆಂಗಸು, ಕೆಟ್ಟ ಮಾತನ್ನೂ ಮೆತ್ತಗೆ ಆಡುವವಳು. “ಈಗ ಮಂಡೀಲಿ ಕಬ್ಬಿಣ ಇದೆ.”

“ಕಬ್ಬಿಣ ಇದೆ, ತುಕ್ಕು ಹಿಡಿದಿಲ್ಲ! ಡಾಕ್ಟ್ರು ಹತ್ತು ಅಂದಿದಾರೆ. ದಿನಾ ಬೆಳಿಗ್ಗೆ ಆ ಗುಡ್ಡದ ಮೇಲಿನ ನೀರಿನ ಟ್ಯಾಂಕಿನ ಮೆಟ್ಟಿಲು ಹತ್ತಿ ಇಳೀತೀನಿ. ಯಾರಾದ್ರೂ ಕೇಳಿದ್ರಾ? ಇಲ್ಲ. ಕುರ್ಚಿ ಮಾತ್ರ ಬರೆದ್ರಿ.”

ಅವಳು ಹೇಳದೆ ಉಳಿಸಿಕೊಂಡದ್ದು ಒಂದಿತ್ತು. ಕೊನೆಯ ಸಲ ಅವಳು ಮೇಲ್ಬಯಲಿನಿಂದ ಇಳಿದದ್ದು ಸ್ಟ್ರೆಚರಿನ ಮೇಲೆ. ಎರಡನೆಯ ಕೊಳದ ಹತ್ತಿರ ಗೂಟ ಬಡಿಯುತ್ತಿದ್ದಾಗ ಮಂಡಿ ಕೈಕೊಟ್ಟಿತ್ತು. ಅವಳೇ ಕೆಲಸ ಕಲಿಸಿದ್ದ ನಾಲ್ವರು ಹೆಗಲು ಕೊಟ್ಟು ಅವಳನ್ನು ಇಳಿಸಿದ್ದರು. ಎದುರಿಗೆ ಹತ್ತಿ ಬರುತ್ತಿದ್ದ ಜನ ದಾರಿ ಬಿಟ್ಟು ಪಕ್ಕಕ್ಕೆ ನಿಂತು ಅಯ್ಯೋ ಪಾಪ ಎಂದಿದ್ದರು. ಆ ‘ಅಯ್ಯೋ ಪಾಪ’ ಎಂಟು ತಿಂಗಳಿಂದ ಅವಳ ಕಿವಿಯಲ್ಲಿತ್ತು. ಒಂದೇ ಒಂದು ಸಲ ಬಣ್ಣದ ಡಬ್ಬ ಇಲ್ಲದೆ ಕೈಬೀಸಿಕೊಂಡು ಮೇಲೆ ಹೋಗಬೇಕು, ಅಂಚಿನಲ್ಲಿ ಕೂತು ಒಂದು ಕಿತ್ತಳೆ ಸುಲಿದು ತಿನ್ನಬೇಕು, ತನ್ನ ಕಾಲಮೇಲೆ ತಾನು ಇಳಿಯಬೇಕು. ಆಮೇಲೆ ಮುದುಕಿ ಅಂತಾದರೂ ಅನ್ನಲಿ, ಏನಾದರೂ ಅನ್ನಲಿ. ಅವಳಿಗೆ ಬೇಕಾಗಿದ್ದದ್ದು ಇಷ್ಟೇ.

ಹೊರಗೆ ಲಿಫ್ಟಿನ ಬಾಗಿಲು ಸದ್ದಾಯಿತು, ತಮ್ಮ ಒಳಗೆ ಬಂದ. ಅವನು ಹೈಸ್ಕೂಲಿನ ಪಿ.ಟಿ. ಮೇಷ್ಟ್ರು. ಕೊರಳಲ್ಲಿ ಸದಾ ನೇತಾಡುವ ಸೀಟಿಯಿಂದಾಗಿ ಊರಿಗೆಲ್ಲ ಸೀಟಿ ಮೇಷ್ಟ್ರು. ಐವತ್ತೈದು ವಯಸ್ಸಾದರೂ ಹೊಟ್ಟೆ ಬಂದಿರಲಿಲ್ಲ, ಅದರ ಬಗ್ಗೆ ಅವನಿಗೆ ಸ್ವಲ್ಪ ಜಂಭವೂ ಇತ್ತು. ಜಗಳವನ್ನು ಎರಡು ನಿಮಿಷ ಕೇಳಿಸಿಕೊಂಡು ಸೋಫಾದ ಮೇಲೆ ಕೂತ.

“ಇಷ್ಟಕ್ಕೆಲ್ಲ ಯಾಕೆ ರಂಪ? ನಾನೂ ಅಕ್ಕನ ಜೊತೆ ಕೆಳಗೇ ಇರ್ತೀನಿ. ಇಬ್ರೂ ಮರದ ಕೆಳಗೆ ಕೂತು ಹಳೇ ಕತೆ ಮಾತಾಡ್ತಾ ಇರ್ತೀವಿ. ನೀವೆಲ್ಲ ಹೋಗ್ಬನ್ನಿ.”

ತಮ್ಮನ ಹೆಂಡತಿಯ ಕಣ್ಣು ಒದ್ದೆಯಾಯಿತು. “ಎಂಥ ತಮ್ಮ ನೋಡಿ ಅತ್ತಿಗೆ, ನಿಮಗೋಸ್ಕರ!” ಎಂದಳು. ಹುಡುಗಿ ಹೋಗಿ ಅಪ್ಪನ ಕುತ್ತಿಗೆಗೆ ಜೋತುಬಿದ್ದಳು.

ಅಕ್ಕನಿಗೆ ಅಡಿಯಿಂದ ಮುಡಿಯವರೆಗೆ ಉರಿದುಹೋಯಿತು. ಬೈದವರಿಗೆ ತಿರುಗಿ ಬೈಯಬಹುದು, ತ್ಯಾಗ ಮಾಡುವವರಿಗೆ ಏನು ಮಾಡುವುದು?

“ನಿನ್ನ ಯಾರೋ ಕೇಳಿದ್ರು? ಬೆಳಿಗ್ಗೆ ಆರೂವರೆಗೆ ಟ್ಯಾಂಕಿನ ಮೆಟ್ಟಿಲ ಹತ್ರ ಬಾ. ಇನ್ನೂರಹನ್ನೆರಡು ಮೆಟ್ಟಿಲು. ನಿನ್ನ ಸೀಟಿ, ಗಡಿಯಾರ ಎಲ್ಲ ತಗೊಂಡು ಬಾ. ನಾನು ಮಧ್ಯ ಎಲ್ಲಾದ್ರೂ ಕೂತ್ರೆ ಆ ದರಿದ್ರ ಕುರ್ಚೀನ ನಾನೇ ಹೊತ್ಕೊಂಡು ಬರ್ತೀನಿ.”

“ಬೇಡ ಬಿಡೇ ಅಕ್ಕ. ಇಬ್ಬನಿ ಬಿದ್ದು ಜಾರತ್ತೆ. ನಂಗೂ ಸ್ಕೂಲಿದೆ.”

“ಸ್ಕೂಲು ಒಂಬತ್ತಕ್ಕೆ!”

“ಹೋಗ್ಬನ್ನಿ, ಒಂದ್ಸಲ ಇತ್ಯರ್ಥ ಆಗಿಹೋಗ್ಲಿ,” ಎಂದಳು ಹೆಂಡತಿ. ತಮ್ಮನಿಗೆ ಬೇರೆ ದಾರಿ ಉಳಿಯಲಿಲ್ಲ.

ಗುರುವಾರ ಬೆಳಿಗ್ಗೆ ಅಕ್ಕ ಹತ್ತಿದಳು. ಎಡಗೈಯಲ್ಲಿ ಕಂಬಿ ಹಿಡಿದು, ಎಣಿಸುತ್ತ, ಎಲ್ಲಿಯೂ ನಿಲ್ಲದೆ ಹತ್ತಿದಳು. ಹಿಂದೆ ಹೆಜ್ಜೆ ಸದ್ದು ಕೇಳುವುದು ಯಾವಾಗ ನಿಂತಿತೋ ಅವಳಿಗೆ ಗೊತ್ತಾಗಲಿಲ್ಲ, ಸಿಟ್ಟಿನ ಸದ್ದೇ ಜೋರಾಗಿತ್ತು. ಇನ್ನೂರಹನ್ನೆರಡು ಎಂದು ಗಟ್ಟಿಯಾಗಿ ಹೇಳಿ ತಿರುಗಿದಳು. ಬೆನ್ನಿಗೆ ಯಾರೂ ಇರಲಿಲ್ಲ. ತಮ್ಮ ಎಲ್ಲೋ ಕೆಳಗೆ ಕೂತಿದ್ದ.

“ಏನೋ ಸೀಟಿ! ಮಲಗಿಬಿಟ್ಯಾ? ಬೇಕಂತಾನೇ ಕೂತಿದೀಯಾ, ನಾನು ಹತ್ತಿದ್ದು ನೋಡ್ಲಿಲ್ಲ ಅನ್ನೋಕೆ?” ಎಂದು ಕೂಗುತ್ತಲೇ ಇಳಿದಳು. ಬೈಗುಳಗಳನ್ನು ಸಾಲಾಗಿ ಜೋಡಿಸಿಕೊಂಡು ಬಂದವಳು ಹತ್ತಿರ ಬಂದಾಗ ಬಾಯಿ ಮುಚ್ಚಿದಳು.

ಅವನ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಅಂಗಿ ಬೆನ್ನಿಗೆ ಅಂಟಿತ್ತು. ಬಲಗೈಯನ್ನು ಎದೆಯ ಮೇಲೆ ಒತ್ತಿ ಹಿಡಿದಿದ್ದ. ಅದು ನಲವತ್ತನೆಯ ಮೆಟ್ಟಿಲು.

“ಏನಾಯ್ತೋ?”

“ಏನಿಲ್ಲ. ಸ್ವಲ್ಪ ಹೊತ್ತು. ಸರಿಹೋಗತ್ತೆ.” ಐದಾರು ನಿಮಿಷ ಬಾಯಲ್ಲೇ ಉಸಿರಾಡಿದ. ಸ್ವಲ್ಪ ಬಣ್ಣ ಬಂದ ಮೇಲೆ ಹೇಳಿದ. ಎರಡೂವರೆ ತಿಂಗಳಿಂದ ಹೀಗೆ. ಮೊದಮೊದಲು ಮೈದಾನದಲ್ಲಿ ಓಡುವಾಗ ಎದೆ ಹಿಡಿಯುತ್ತಿತ್ತು. ಈಗ ಮೆಟ್ಟಿಲೂ ಆಗುವುದಿಲ್ಲ, ಅದಕ್ಕೇ ಲಿಫ್ಟು. ಮಕ್ಕಳನ್ನು ಓಡಿಸಿ ತಾನು ಕಂಬಕ್ಕೆ ಒರಗಿ ಸೀಟಿ ಊದುವುದು. ಇವತ್ತಿನಷ್ಟು ಜೋರಾಗಿ ಯಾವತ್ತೂ ಬಂದಿರಲಿಲ್ಲ.

“ಡಾಕ್ಟ್ರಿಗೆ ತೋರಿಸ್ದ್ಯಾ?”

“ತೋರಿಸಿದ್ರೆ ಚೀಟಿ ಬರೀತಾರೆ. ಚೀಟಿ ಬರೆದ್ರೆ ನನ್ನ ಮೈದಾನದಿಂದ ಎತ್ತಿ ಲೈಬ್ರರೀಲಿ ಕೂರಿಸ್ತಾರೆ. ಬೀಗರಿಗೆ ಗೊತ್ತಾದ್ರೆ ಏನಂದುಕೊಳ್ತಾರೆ? ಮದುವೆ ಒಂದು ಮುಗೀಲಿ ಅಕ್ಕ.” ಆಮೇಲೆ ಅವಳ ಮುಖ ನೋಡದೆ ಅಂದ, “ನೀನು ಮಂಡಿ ನೋವು ಅಂದುಬಿಡು. ಭಾನುವಾರ ಇಬ್ರೂ ಕೆಳಗೆ ಕೂರೋಣ. ಯಾರಿಗೂ ಏನೂ ಗೊತ್ತಾಗಲ್ಲ.”

ಹಾಗೋ ವಿಷಯ! ತ್ಯಾಗವೂ ಇಲ್ಲ, ಅಕ್ಕನ ಮೇಲಿನ ಪ್ರೀತಿಯೂ ಇಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

“ನೆಲ ಡೊಂಕು ಅಂದಿದ್ರೂ ಸಹಿಸ್ಕೋತಿದ್ದೆ ಕಣೋ,” ಎಂದಳು ಅಕ್ಕ. “ನೀನು ನನ್ನ ಮಂಡಿ ಡೊಂಕು ಅಂತೀಯಲ್ಲೋ! ಎಂಟು ತಿಂಗಳು ಅತ್ತು ಕರೆದು ನೆಟ್ಟಗೆ ಮಾಡ್ಕೊಂಡಿರೋ ಮಂಡಿ! ನಿನ್ನ ಹೇಡಿತನಕ್ಕೆ ನನ್ನ ಹೆಗಲು ಬೇಕಾ? ನಾನು ಸುಳ್ಳು ಹೇಳಲ್ಲ. ನೀನೇ ಹೋಗಿ ಹೆಂಡತಿಗೆ ಹೇಳು. ಇವತ್ತೇ.”

“ನೀನು ಮಾತ್ರ ಹೇಳ್ಬೇಡ ಅಕ್ಕ. ಕೈ ಮುಗೀತೀನಿ.”

ಅವಳು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಅವನನ್ನು ಕೈಹಿಡಿದು ಒಂದೊಂದೇ ಮೆಟ್ಟಿಲು ಇಳಿಸಿ ಕರೆತಂದಳು.

ಅವನು ಹೇಳಿದನೇ? ಹೇಳಿದ, ಆದರೆ ಏನು ಹೇಳಿದ ಎಂಬುದು ಸಂಜೆ ಗೊತ್ತಾಯಿತು. ಹುಡುಗಿ ಐಸ್ ತುಂಬಿದ ಚೀಲ ಹಿಡಿದುಕೊಂಡು ಕೆಳಗೆ ಬಂದಳು.

“ಅತ್ತೆ, ಎಲ್ಲ ಮೆಟ್ಟಿಲೂ ಹತ್ತಿದ್ರಂತೆ, ಆಮೇಲೆ ಮಂಡಿ ಊದ್ಕೊಂಡಿದೆಯಂತೆ? ಅಪ್ಪ ಹೇಳಿದ್ರು. ಯಾಕೆ ಅತ್ತೆ ಹಟ ಮಾಡ್ತೀರ?”

ಎಲಾ ಇವನ! ಅಕ್ಕ ಸೀರೆಯನ್ನು ಮಂಡಿಯವರೆಗೆ ಎತ್ತಿ ಕಾಲನ್ನು ಸ್ಟೂಲಿನ ಮೇಲಿಟ್ಟಳು. ಹೊಲಿಗೆಯ ಗೆರೆ ಒಂದು ಬಿಟ್ಟರೆ ಎರಡು ಮಂಡಿಗೂ ವ್ಯತ್ಯಾಸವಿರಲಿಲ್ಲ.

“ಎಲ್ಲಿದೆ ಊತ? ತೋರಿಸು. ಕಣ್ಣು ಬಿಟ್ಟು ನೋಡು.”

ಹುಡುಗಿ ಒತ್ತಿ ನೋಡಿದಳು, ಬಾಗಿ ನೋಡಿದಳು. “ಇಲ್ವಲ್ಲ ಅತ್ತೆ! ಮತ್ತೆ ಅಪ್ಪ ಯಾಕೆ ಹಾಗಂದ್ರು?”

ಮಾತು ನಾಲಗೆಯ ತುದಿಗೆ ಬಂದಿತ್ತು. ಬಾಯಲ್ಲಿ ಬಿಸಿತುಪ್ಪ ಇಟ್ಟುಕೊಂಡಂತೆ, ನುಂಗುವುದಕ್ಕೂ ಆಗದು, ಉಗುಳುವುದಕ್ಕೂ ಆಗದು. ಅಷ್ಟರಲ್ಲಿ ಹುಡುಗಿಯೇ ಅಂದಳು, “ಹಾಗಾದ್ರೆ ನೀವು ಬನ್ನಿ ಅತ್ತೆ. ಇನ್ನೂರು ಮೆಟ್ಟಿಲು ಹತ್ತಿ ಊತ ಬಂದಿಲ್ಲ ಅಂದ್ರೆ ಇನ್ನೇನು? ನಾನೇ ಎಲ್ರಿಗೂ ಹೇಳ್ತೀನಿ. ಸಾರಿ ಅತ್ತೆ, ಚೀಟೀಲಿ ಕುರ್ಚಿ ಹೊಡೆದುಹಾಕ್ಬಿಡ್ತೀನಿ.”

ಅಕ್ಕ ಬಿಸಿತುಪ್ಪ ನುಂಗಿಬಿಟ್ಟಳು.

“ಕುರ್ಚಿ ಇರ್ಲಿ,” ಎಂದಳು. “ನಿಮ್ಮಪ್ಪ ಕೂತ್ಕೋತಾನೆ. ವಾರವೆಲ್ಲ ಮಕ್ಕಳನ್ನ ಓಡಿಸಿ ಸುಸ್ತಾಗಿರ್ತಾನೆ.”

ಹುಡುಗಿ ನಕ್ಕಳು. ಆ ಐಸನ್ನು ನಿಂಬೆ ಶರಬತ್ತಿಗೆ ಹಾಕಿಕೊಂಡು ಇಬ್ಬರೂ ಕುಡಿದರು. ಆಮೇಲೆ ಅಕ್ಕ ಕೆಂಪು ಪೆನ್ನು ತೆಗೆದುಕೊಂಡು ಚೀಟಿಯಲ್ಲಿ ‘ಅತ್ತೆಗೆ’ ಎಂಬುದನ್ನು ಹೊಡೆದುಹಾಕಿ, ಹುಡುಗಿಯ ಯೋಜನೆಯನ್ನು ಕಾಪಿ ಪುಸ್ತಕ ತಿದ್ದುವ ಹಾಗೆ ತಿದ್ದಿದಳು. ಒಂಬತ್ತೂವರೆಗೆ ಹೊರಡುವುದೆಂದರೆ ಏನು, ತಲೆಯಲ್ಲಿ ಏನಾದರೂ ಇದೆಯೇ? ಮಧ್ಯಾಹ್ನದ ಮೇಲೆ ಮಂಜು ಏಳುತ್ತದೆ, ಎದುರಿನ ಗೂಟವೂ ಕಾಣುವುದಿಲ್ಲ. ಏಳಕ್ಕೆ ಗೇಟು ತೆಗೆಯುತ್ತಾರೆ, ಏಳಕ್ಕೇ ಹತ್ತಬೇಕು. ಮೊದಲ ನಲವತ್ತು ನಿಮಿಷ ಮರಗಳ ನೆರಳು. ಅದಾದ ಮೇಲೆ ಕಲ್ಲಿನ ಮೆಟ್ಟಿಲು, ಅಲ್ಲಿ ಯಾರೂ ಮಾತಾಡಬಾರದು, ಉಸಿರು ಹಾಳು. ಮೇಲೆ ಬಯಲು ಸಿಕ್ಕ ಮೇಲೆ ಎಡಕ್ಕೆ ತಿರುಗಬೇಕು, ಬಲಕ್ಕಲ್ಲ. ಗಾಳಿ ಬೆನ್ನಿಗಿರುತ್ತದೆ. ಕೊಳದ ಹತ್ತಿರ ಊಟ ಬೇಡ, ಸೊಳ್ಳೆ. ಅಂಚಿನ ಹಾಸುಬಂಡೆಯ ಮೇಲೆ ಕೂತು ತಿನ್ನಬೇಕು. ಹೇಳುತ್ತ ಹೇಳುತ್ತ ಅವಳ ಸಿಟ್ಟು ಎಲ್ಲಿ ಹೋಯಿತೋ ಹೋಯಿತು. ಎಂಟು ತಿಂಗಳಲ್ಲಿ ಅವಳು ಅಷ್ಟು ಮಾತಾಡಿದ್ದು ಅದೇ ಮೊದಲು.

ಶುಕ್ರವಾರ ಅವಳು ತನ್ನೊಳಗೇ ವಾದ ಹೂಡಿದಳು. ಈಗ ಬಾಯಿಬಿಟ್ಟರೆ ಆಸ್ಪತ್ರೆ, ಪರೀಕ್ಷೆ, ಅಳು. ಭಾನುವಾರ ಹೋಯಿತು ಎಂದೇ ಲೆಕ್ಕ. ಮುಂದಿನ ತಿಂಗಳು ಮದುವೆ, ಅದರ ಬೆನ್ನಿಗೆ ಮಳೆ, ಮಳೆಗಾಲದಲ್ಲಿ ಗೇಟು ಮುಚ್ಚುತ್ತಾರೆ. ಆಮೇಲೆ ಯಾರು ಕಂಡವರು? ಹೇಗೂ ಅವನು ಹತ್ತುವುದಿಲ್ಲ, ನೆರಳಲ್ಲಿ ಕುರ್ಚಿ ಹಾಕಿಕೊಂಡು ಕೂತಿರುತ್ತಾನೆ. ಕೂತವನಿಗೆ ಏನಾಗುತ್ತದೆ? ಎರಡೂವರೆ ತಿಂಗಳು ತಡೆದದ್ದು ಇನ್ನೆರಡು ದಿನ ತಡೆಯುತ್ತದೆ. ಭಾನುವಾರ ಇಳಿದು ಬಂದ ಕೂಡಲೇ ಕಿವಿ ಹಿಡಿದು ಡಾಕ್ಟರ ಹತ್ತಿರ ಎಳೆದೊಯ್ಯುವುದು. ಅವಳಿಗೆ ಲೆಕ್ಕ ಸರಿಯಾಗಿಯೇ ಕಂಡಿತು. ಅಷ್ಟಕ್ಕೂ ತನ್ನ ರೋಗ ತಾನು ಮುಚ್ಚಿಟ್ಟವನು ಅವನು, ಅದಕ್ಕೆ ತನ್ನ ಮಂಡಿಯನ್ನು ಅಡ್ಡ ಹಿಡಿದವನೂ ಅವನೇ. ಅವನಿಗಾಗಿ ತಾನೇಕೆ ಬಿಟ್ಟುಕೊಡಬೇಕು? ಹೀಗೆ ಬೈದುಕೊಳ್ಳುತ್ತಲೇ ಬೂಟು ಒರೆಸಿದಳು, ಹೊಸ ದಾರ ಹಾಕಿದಳು.

ಶನಿವಾರ ನಾಲ್ಕು ಗಂಟೆಗೆ ಬೀಗರು ಬಂದರು. ಗಂಡಿನ ತಂದೆ ಕನ್ನಡಕದಂಗಡಿಯವರು, ದೊಡ್ಡ ದನಿ, ದೊಡ್ಡ ನಗು. ಅವರ ಹೆಂಡತಿ ಹೆಚ್ಚು ಮಾತಿನವರಲ್ಲ. ಹುಡುಗ ಮರುದಿನ ಬೆಳಿಗ್ಗೆ ನೇರವಾಗಿ ಗೇಟಿಗೇ ಬರುವುದೆಂದಿತ್ತು. ಮೇಜಿನ ಮೇಲೆ ಕೆಂಪು ಶಾಯಿಯ ಯೋಜನೆ, ಸಾಮಾನಿನ ಚೀಟಿ ಹರಡಿದವು. ಕನ್ನಡಕದವರು ಓದುತ್ತ ಓದುತ್ತ ಹದಿನಾರನೆಯ ಸಾಲಿಗೆ ಬಂದರು.

“ಕುರ್ಚಿ ಯಾರಿಗಪ್ಪಾ ಇದು?”

“ನಂಗೆ ಬೀಗರೆ,” ಎಂದ ತಮ್ಮ. “ಸಾಮಾನು ಕಾಯೋಕೆ ಯಾರಾದ್ರೂ ಬೇಕಲ್ಲ.”

“ಅಯ್ಯೋ ಮೇಷ್ಟ್ರೆ! ಇಷ್ಟು ವರ್ಷ ಮಂಡಿ ಹಿಡ್ಕೊಂಡಿದ್ದ ಅಕ್ಕಾವ್ರು ಹತ್ತೋದು, ಪಿ.ಟಿ. ಮೇಷ್ಟ್ರು ಕುರ್ಚೀಲಿ ಕೂರೋದಾ? ಯಾರಾದ್ರೂ ನೋಡಿದ್ರೆ ನನ್ನ ಅಂಗಡಿ ಕನ್ನಡಕ ಸರಿಯಿಲ್ಲ ಅಂತಾರೆ!” ಅವರು ಹೊಟ್ಟೆ ಕುಲುಕಿಸಿ ನಕ್ಕರು. ಎಲ್ಲರೂ ನಕ್ಕರು. “ಸಾಮಾನು ಗೇಟಿನವನ ಹತ್ರ ಬಿಟ್ರಾಯ್ತು. ನೀವು ಮುಂದೆ, ಸೀಟಿ ಊದ್ತಾ. ನಾವೆಲ್ಲ ನಿಮ್ಮ ಹಿಂದೆ ಸ್ಕೂಲ್ ಮಕ್ಕಳ ಥರ.”

ಅಕ್ಕ ತಮ್ಮನ ಮುಖವನ್ನೇ ನೋಡಿದಳು. ಈಗ ಹೇಳುತ್ತಾನೆ. ಈಗಲಾದರೂ ಹೇಳುತ್ತಾನೆ.

“ಆಯ್ತು ಬಿಡಿ ಬೀಗರೆ,” ಎಂದ ತಮ್ಮ, ನಗುತ್ತ. “ನಾನೇ ಮುಂದೆ.”

ಹುಡುಗಿ ಚಪ್ಪಾಳೆ ತಟ್ಟಿ ಪೆನ್ನಿನಿಂದ ಕುರ್ಚಿಯ ಸಾಲನ್ನು ಹೊಡೆದುಹಾಕಿದಳು. ಅಕ್ಕ ಕೈಯಲ್ಲಿದ್ದ ಕಪ್ಪನ್ನು ಕುಕ್ಕಿದಳು. ಚಹಾ ಯೋಜನೆಯ ಮೇಲೆ ಚೆಲ್ಲಿತು.

“ಅವನು ಬರಲ್ಲ.”

“ಅಕ್ಕ, ಸುಮ್ನಿರು.”

“ಯಾಕೋ ಸುಮ್ನಿರ್ಲಿ? ನೀನು ಸಾಯೋದು ನೋಡ್ಕೊಂಡು ಸುಮ್ನಿರ್ಲಾ?” ಅವಳು ಎದ್ದು ನಿಂತಳು. “ಎದೆ ನೋವಿದೆ ಇವನಿಗೆ. ಎರಡೂವರೆ ತಿಂಗಳಿಂದ. ನಲವತ್ತು ಮೆಟ್ಟಿಲು ಹತ್ತೋಕಾಗಲ್ಲ. ಇವನು ಸೀಟಿ ಊದ್ಕೊಂಡು ಮುಂದೆ ಹೋಗ್ತಾನಂತೆ!”

ಕನ್ನಡಕದವರ ನಗು ಮುಖದ ಮೇಲೇ ನಿಂತುಹೋಯಿತು. ತಮ್ಮನ ಹೆಂಡತಿ ಗಂಡನನ್ನು ನೋಡಿದಳು. ತಮ್ಮನ ಕಿವಿ ಕೆಂಪಾಯಿತು.

“ಸುಳ್ಳು,” ಎಂದ. “ಕುರ್ಚಿ ಬರೆದ್ರು ಅಂತ ಬುಧವಾರದಿಂದ ಹಲ್ಲು ಕಡೀತಿದಾಳೆ. ಅದಕ್ಕೇ ಬೀಗರ ಮುಂದೆ ನನ್ನ ಮಾನ ಹರಾಜು ಹಾಕ್ತಿದಾಳೆ.”

“ಸುಳ್ಳಾ? ಅಂಗಿ ಒದ್ದೆ ಮಾಡ್ಕೊಂಡು, ಎದೆ ಹಿಡ್ಕೊಂಡು ಮೆಟ್ಟಿಲ ಮೇಲೆ ಕೂತಿದ್ದವನು ಯಾರೋ? ನನ್ನ ಕೈಹಿಡಿದು ಇಳಿದವನು ಯಾರೋ?”

“ಬೇಕಾದ್ರೆ ಈಗ್ಲೇ ಕೆಳಗಿಳಿದು ಮೂರು ಮಹಡಿ ಓಡಿ ಹತ್ತಿ ತೋರಿಸ್ತೀನಿ! ಎಲ್ರೂ ನೋಡ್ಲಿ!”

ಅವನು ಬಾಗಿಲಿಗೆ ಹೊರಟ. ಅಕ್ಕ ಅವನಿಗಿಂತ ಮುಂಚೆ ಬಾಗಿಲಲ್ಲಿದ್ದಳು. ಎರಡೂ ಕೈ ಚಾಚಿ ಬಾಗಿಲವಾಡ ಹಿಡಿದು ನಿಂತಳು. ಅವನು ಅವಳ ಭುಜ ಹಿಡಿದು ಪಕ್ಕಕ್ಕೆ ದಬ್ಬಿದ, ಅವಳು ಜಗ್ಗಲಿಲ್ಲ. ಇನ್ನೊಮ್ಮೆ ದಬ್ಬಿದ. ಆಮೇಲೆ ಅವನ ಕೈ ಸಡಿಲವಾಯಿತು. ಬಾಯಿ ತೆರೆದು ಉಸಿರು ಹುಡುಕುತ್ತ ಚಪ್ಪಲಿ ಇಡುವ ಹಲಗೆಯ ಮೇಲೆ ಕುಸಿದು ಕೂತ. ಕೈ ಎದೆಗೆ ಹೋಯಿತು.

ಹುಡುಗಿ “ಅಪ್ಪಾ” ಎಂದು ಕಿರುಚಿದಳು. ಮೊದಲು ಚುರುಕಾದವರು ಕನ್ನಡಕದವರೇ. ಅವರು ಟ್ಯಾಕ್ಸಿಗೆ ಫೋನು ಮಾಡುತ್ತಿದ್ದರು. ತಮ್ಮನನ್ನು ತೋಳು ಹಿಡಿದು ಲಿಫ್ಟಿಗೆ ಕರೆದೊಯ್ದವರೂ ಅವರೇ.

ಆಸ್ಪತ್ರೆಯಲ್ಲಿ ಎರಡು ಗಂಟೆ ಕಾದ ಮೇಲೆ ಡಾಕ್ಟರು ಹೊರಗೆ ಬಂದರು. ಚಿಕ್ಕ ವಯಸ್ಸಿನ ಹೆಂಗಸು, ಕಡ್ಡಿ ತುಂಡು ಮಾಡಿದ ಹಾಗೆ ಮಾತು.

“ಹೃದಯಾಘಾತ ಆಗಿದೆ. ಇವತ್ತಲ್ಲ, ಎರಡು ಮೂರು ದಿನದ ಹಿಂದೇನೇ ಆಗಿರೋ ಹಾಗಿದೆ. ಅವತ್ತೇ ಕರ್ಕೊಂಡು ಬಂದಿದ್ರೆ ಇಷ್ಟು ಹಾಳಾಗ್ತಿರಲಿಲ್ಲ. ಉಳ್ಕೋತಾರೆ. ಆದ್ರೆ ಓಟ, ಮೈದಾನ, ಬಿಸಿಲು, ಅವೆಲ್ಲ ಇನ್ನು ಮರೆತುಬಿಡ್ಬೇಕು. ಮನೇಲಿ ಯಾರಿಗೂ ಗೊತ್ತಾಗ್ಲಿಲ್ವಾ?”

“ನಮಗೆ ಯಾರಿಗೂ ಗೊತ್ತಿರ್ಲಿಲ್ಲ ಡಾಕ್ಟ್ರೆ,” ಎಂದು ತಮ್ಮನ ಹೆಂಡತಿ ಅಳತೊಡಗಿದಳು. ಬೀಗಿತಿ ಅವಳನ್ನು ಹಿಡಿದುಕೊಂಡು ಗೋಡೆಯ ಕಡೆಯ ಬೆಂಚಿನ ಮೇಲೆ ಕೂರಿಸಿದರು. ಡಾಕ್ಟರು ಒಳಗೆ ಹೋದರು.

ಅಕ್ಕ ಇತ್ತ ಕಡೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದಳು. ಅವಳ ಸಿಟ್ಟು ಇನ್ನೂ ಆರಿರಲಿಲ್ಲ. ತಮ್ಮನ ಮೇಲೆ, ಅವನ ಜಂಭದ ಮೇಲೆ, ಮರ್ಯಾದೆ ಮಣ್ಣು ಮಸಿ ಅನ್ನುವವರೆಲ್ಲರ ಮೇಲೆ ಕುದಿಯುತ್ತಿದ್ದಳು. ಕುದಿಯುವಷ್ಟು ಹೊತ್ತು ಬೇರೇನನ್ನೂ ಯೋಚಿಸಬೇಕಾಗಿರಲಿಲ್ಲ. ಹುಡುಗಿ ಬಂದು ಪಕ್ಕದಲ್ಲಿ ಕೂತಳು. ಅತ್ತು ಮುಖ ಊದಿತ್ತು. ಅತ್ತೆಯ ಕೈ ಹಿಡಿದುಕೊಂಡಳು.

“ನೀವು ಹೇಳದೇ ಇದ್ದಿದ್ರೆ ನಾಳೆ ಅಪ್ಪ ಅಲ್ಲೇ, ಮೇಲೇ…” ಕಣ್ಣೊರೆಸಿಕೊಂಡು ಕೇಳಿದಳು, “ಅತ್ತೆ, ಅಪ್ಪ ಮೆಟ್ಟಿಲ ಮೇಲೆ ಕೂತಿದ್ರು ಅಂದ್ರಲ್ಲ. ಅದು ಯಾವತ್ತು?”

ಏನು ಬೇಕಾದರೂ ಹೇಳಬಹುದಿತ್ತು. ಇವತ್ತು ಬೆಳಿಗ್ಗೆ ಅಂದಿದ್ದರೆ ಹುಡುಗಿ ನಂಬುತ್ತಿದ್ದಳು.

“ಗುರುವಾರ ಬೆಳಿಗ್ಗೆ,” ಎಂದಳು ಅಕ್ಕ. “ಏಳಕ್ಕೆ ಹತ್ತು ನಿಮಿಷ ಇತ್ತು.”

“ಗುರುವಾರ ಸಂಜೆ ನಾನು ನಿಮ್ಮ ಮನೆಗೆ ಬಂದಿದ್ದೆ.”

“ಹೂಂ.”

“ಆವಾಗ ನಿಮಗೆ ಗೊತ್ತಿತ್ತು.”

“ಗೊತ್ತಿತ್ತು.”

ಹುಡುಗಿಯ ಕೈ ಅಲ್ಲೇ ಇತ್ತು, ಆದರೆ ಹಿಡಿತ ಬಿಟ್ಟಿತ್ತು. “ಅಪ್ಪ ಹೇಳ್ಬೇಡ ಅಂದ್ರಾ? ಆಣೆ ಗೀಣೆ ಹಾಕಿಸ್ಕೊಂಡ್ರಾ?”

ಹುಡುಗಿ ತಾನೇ ಬಾಗಿಲು ತೆರೆದು ಹಿಡಿದಿದ್ದಳು. ಹೌದು ಅಂದರೆ ಮುಗಿದುಹೋಗುತ್ತಿತ್ತು, ಅರ್ಧ ನಿಜವೂ ಆಗುತ್ತಿತ್ತು. ಅಕ್ಕ ತನ್ನ ಕಾಲಿನ ಬೂಟು ನೋಡಿದಳು. ಅವಸರದಲ್ಲಿ ಸಿಕ್ಕಿದ್ದನ್ನು ಹಾಕಿಕೊಂಡು ಬಂದಿದ್ದಳು. ಹೊಸ ದಾರ ಬೆಳ್ಳಗೆ ಕಾಣುತ್ತಿತ್ತು. ಆಗ ಮೊದಲ ಸಲ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು, ಬೇರೆಯವರ ಮೇಲೆ ಬಂದದ್ದೆಲ್ಲ ಅದರ ಮುಂದೆ ಆಟವೆನಿಸುವಷ್ಟು ಬಂತು.

“ಅಂದಿದ್ದ. ಅದಕ್ಕಲ್ಲ,” ಎಂದಳು.

“ಮತ್ತೆ ಯಾಕೆ?”

“ಹೇಳಿದ್ರೆ ಭಾನುವಾರ ತಪ್ಪಿಹೋಗ್ತಿತ್ತು ಕಣೇ. ನಾನು ಮೇಲೆ ಹೋಗ್ಬೇಕಿತ್ತು.”

ಹುಡುಗಿ ಕಿರುಚುತ್ತಾಳೆ ಎಂದುಕೊಂಡಿದ್ದಳು. ಕಿರುಚಿದರೆ ತಾನೂ ಕಿರುಚಬಹುದಿತ್ತು, ಅಳಬಹುದಿತ್ತು. ಹುಡುಗಿ ಕೈ ಎಳೆದುಕೊಂಡು ಎದ್ದಳು, ಕುರ್ಚಿಯ ಕೆಳಗಿದ್ದ ತನ್ನ ಚೀಲ ಎತ್ತಿಕೊಂಡಳು.

“ಹೋಗ್ಬನ್ನಿ ಅತ್ತೆ,” ಎಂದಳು. “ನಾಳೆ ಭಾನುವಾರಾನೇ.”

ಅವಳು ಹೋಗಿ ಅಮ್ಮನ ಪಕ್ಕದಲ್ಲಿ ಕೂತಳು.